ತಾನಾಗಿ ತುಂಬುತ್ತಲೇ ಇರುವ ಫ್ಲಶ್ ಟ್ಯಾಂಕ್: ಕಮೋಡ್ ಬದಲಿಸುವ ಮುನ್ನ ಒಂದು ಪೆನ್ಸಿಲ್ ಗೆರೆ ಎಳೆಯಿರಿ

ಪ್ರಶ್ನೆ: ಬೆಂಗಳೂರಿನ ನಾಗರಬಾವಿಯಲ್ಲಿ ನಮ್ಮ ಸ್ವಂತ ಮನೆ. ನಾವು ನೆಲಮಹಡಿಯಲ್ಲಿದ್ದೇವೆ, ಮೇಲೆ ಎರಡು ಬಾಡಿಗೆ ಮನೆಗಳಿವೆ. ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಏಳು ವರ್ಷದ ಹಿಂದೆ ಹಾಕಿಸಿದ ಎರಡು ಬಟನ್ನಿನ ಕಮೋಡ್ ಇದೆ. ಕೆಲವು ತಿಂಗಳಿಂದ ಯಾರೂ ಬಳಸದಿದ್ದರೂ ರಾತ್ರಿ ಹೊತ್ತು ಟ್ಯಾಂಕ್ ತಾನಾಗಿ ತುಂಬುವ ಸದ್ದು ಬರುತ್ತದೆ. ಸ್ವಲ್ಪ ಹೊತ್ತು ಸುಯ್ ಎಂದು ನಿಲ್ಲುತ್ತದೆ, ಅರ್ಧ ಮುಕ್ಕಾಲು ಗಂಟೆಗೆ ಮತ್ತೆ ಶುರು. ಪ್ಲಂಬರ್ ಬಂದು ನೀರು ತುಂಬುವ ವಾಲ್ವನ್ನೇ ಹೊಸದು ಹಾಕಿದರು. ಒಂದು ವಾರ ಸುಮ್ಮನಿತ್ತು, ಆಮೇಲೆ ಅದೇ ಕಥೆ. ಈಗ ‘ಹಳೇ ಮಾಡೆಲ್ ಅಮ್ಮ, ಕಮೋಡೇ ಚೇಂಜ್ ಮಾಡಿಬಿಡಿ’ ಅನ್ನುತ್ತಿದ್ದಾರೆ. ಬದಲಿಸಲೇಬೇಕೇ?

ಉತ್ತರ: ಬೇಡ, ಕಮೋಡ್ ಹಾಗೇ ಇರಲಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ ಎಂದಿದ್ದೀರಿ. ತುಂಬಿದ ಮೇಲೆ ನಿಲ್ಲುತ್ತಿದೆ ಅಂದಮೇಲೆ ನೀರು ತುಂಬುವ ವಾಲ್ವ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಪ್ಲಂಬರ್ ಬಿಚ್ಚಿ ಎಸೆದ ಹಳೆಯದೂ ಬಹುಶಃ ಸರಿಯಾಗಿಯೇ ಇತ್ತು. ಆಗುತ್ತಿರುವುದು ಇಷ್ಟು: ಟ್ಯಾಂಕಿನ ತಳದಿಂದ ನೀರು ಸದ್ದಿಲ್ಲದೆ ಕಮೋಡಿಗೆ ಜಿನುಗುತ್ತಿದೆ. ಮಟ್ಟ ಒಂದಿಷ್ಟು ಇಳಿದಾಗ ಫ್ಲೋಟ್, ಅಂದರೆ ನೀರಿನ ಮೇಲೆ ತೇಲುವ ಭಾಗ, ಕೆಳಗೆ ಬಂದು ವಾಲ್ವ್ ತೆರೆಯುತ್ತದೆ, ಇಳಿದಷ್ಟನ್ನು ತುಂಬಿಸಿ ಮುಚ್ಚಿಕೊಳ್ಳುತ್ತದೆ. ರಾತ್ರಿ ನಿಮಗೆ ಕೇಳಿಸುವುದು ಸೋರಿದ್ದನ್ನು ತುಂಬಿಸಿಕೊಳ್ಳುವ ಸದ್ದು. ಹಗಲೂ ಇದು ನಡೆಯುತ್ತಲೇ ಇರುತ್ತದೆ, ಮನೆಯ ಗಲಾಟೆಯಲ್ಲಿ ಕಿವಿಗೆ ಬೀಳುವುದಿಲ್ಲ ಅಷ್ಟೆ.

ಹಾಗಾದರೆ ಆ ಒಂದು ವಾರ ಯಾಕೆ ಸುಮ್ಮನಿತ್ತು? ವಾಲ್ವ್ ಬದಲಿಸಬೇಕಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಹಾಗೆ ಖಾಲಿ ಮಾಡಿದಾಗ ತಳದ ಸೀಲಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಮರಳಿನ ಕಣವೊಂದು ಕೊಚ್ಚಿಹೋಗಿರಬಹುದು, ಇಲ್ಲವೇ ಸೀಲ್ ತುಸು ಬೇರೆ ಕಡೆ ಕೂತಿರಬಹುದು. ಆಮೇಲೆ ಮತ್ತೆ ಹಳೇ ಚಾಳಿ. ನಮ್ಮಲ್ಲಿ ‘ಫ್ಲಶ್ ಟ್ಯಾಂಕ್ ಸೋರುತ್ತೆ’ ಅಂದ ತಕ್ಷಣ ಬಾಲ್‌ಕಾಕ್, ಅಂದರೆ ನೀರು ತುಂಬುವ ವಾಲ್ವ್, ಬದಲಿಸುವುದು ಅಭ್ಯಾಸವಾಗಿಬಿಟ್ಟಿದೆ. ಅದು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಬದಲಿಸುವುದು ಹತ್ತು ನಿಮಿಷದ ಕೆಲಸ. ಯಾವ ಕಡೆ ಸೋರುತ್ತಿದೆ ಎಂದು ಕಾಯ್ದು ನೋಡುವ ವ್ಯವಧಾನ ಇರುವುದಿಲ್ಲ.

ಟ್ಯಾಂಕಿನಿಂದ ಕಮೋಡಿಗೆ ಬೇಡದ ನೀರು ಹೋಗಲು ಇರುವುದು ಎರಡೇ ದಾರಿ. ಮೇಲಿನ ದಾರಿ ಎಂದರೆ ಟ್ಯಾಂಕಿನ ನಡುವೆ ನಿಂತಿರುವ ಓವರ್‌ಫ್ಲೋ ಕೊಳವೆಯ ಬಾಯಿ. ತುಂಬುವ ವಾಲ್ವ್ ಮುಚ್ಚದೆ ಹೋದರೆ ನೀರು ಏರುತ್ತಾ ಏರುತ್ತಾ ಆ ಬಾಯಿಯೊಳಗೆ ಸುರಿಯುತ್ತದೆ. ಆಗ ಸದ್ದು ನಿಲ್ಲುವುದೇ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ಕೆಳಗಿನ ದಾರಿ ಎಂದರೆ ಬಟನ್ ಒತ್ತಿದಾಗ ಕಮೋಡಿಗೆ ನೀರು ಬಿಡುವ ಫ್ಲಶ್ ವಾಲ್ವಿನ ತಳದಲ್ಲಿರುವ ಸೀಲ್, ರಬ್ಬರಿನದೋ ಸಿಲಿಕೋನಿನದೋ ಒಂದು ಬಳೆ. ಅದು ಸರಿಯಾಗಿ ಕೂರದಿದ್ದರೆ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ನಿಮ್ಮದು ಈ ಎರಡನೆಯದು ಎಂದು ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ದುಡ್ಡು ಖರ್ಚು ಮಾಡಬೇಡಿ, ಪರೀಕ್ಷೆ ಮಾಡಿ.

ಮೊದಲು ಮುಚ್ಚಳ ತೆಗೆಯಬೇಕು. ಎರಡು ಬಟನ್ನಿನ ಕೆಲವು ಮಾಡೆಲ್‌ಗಳಲ್ಲಿ ಬಟನ್ ಸುತ್ತಲಿನ ರಿಂಗ್ ತಿರುಗಿಸಿ ಬಿಚ್ಚಿದ ಮೇಲೆಯೇ ಮುಚ್ಚಳ ಏಳುತ್ತದೆ. ಏಳದಿದ್ದರೆ ಜಗ್ಗಾಡಬೇಡಿ, ಕೆಳಗಿನ ಪ್ಲಾಸ್ಟಿಕ್ ಕಡ್ಡಿ ಮುರಿಯುತ್ತದೆ. ಪಿಂಗಾಣಿ ಮುಚ್ಚಳವನ್ನು ಹಳೆಯ ಟವೆಲ್ ಹಾಸಿ ನೆಲದ ಮೇಲಿಡಿ, ಸಿಂಕಿನ ಅಂಚಿನ ಮೇಲೆ ಬೇಡ. ಒಳಗೆ ಕೈಹಾಕಲು ಕೆಲವರಿಗೆ ಮುಜುಗರ. ಟ್ಯಾಂಕಿನಲ್ಲಿರುವುದು ನೀವು ಮುಖ ತೊಳೆಯುವ ನಲ್ಲಿಯಲ್ಲಿ ಬರುವ ಅದೇ ನೀರು. ಕಮೋಡಿನ ನೀರು ಮೇಲೇರಿ ಅದಕ್ಕೆ ಸೇರುವುದಿಲ್ಲ.

ಟ್ಯಾಂಕ್ ತುಂಬಿ ನಿಂತ ಮೇಲೆ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಕಮೋಡಿನ ಪಕ್ಕದ ಗೋಡೆಯಲ್ಲಿರುವ ಆ್ಯಂಗಲ್ ಕಾಕ್, ಅಂದರೆ ಟ್ಯಾಂಕಿಗೆ ನೀರು ಬಿಡುವ ಪುಟ್ಟ ನಲ್ಲಿ, ಮುಚ್ಚಿ. ಒಂದು ಗಂಟೆ ಯಾರೂ ಬಳಸದಂತೆ ಮನೆಯವರಿಗೆ ಹೇಳಿ. ಬಂದು ನೋಡಿದಾಗ ನೀರು ಗೆರೆಯಲ್ಲೇ ಇದ್ದರೆ ತಳದ ಸೀಲ್ ಸರಿ ಇದೆ, ತಪ್ಪು ತುಂಬುವ ವಾಲ್ವಿನದು. ಗೆರೆಯಿಂದ ಇಳಿದಿದ್ದರೆ ತಪ್ಪು ಸೀಲಿನದು. ಅಪರೂಪಕ್ಕೆ ಮೂರನೆಯದೂ ಕಾಣುತ್ತದೆ: ನೀರು ಒಂದು ಮಟ್ಟದವರೆಗೆ ಇಳಿದು ಅಲ್ಲೇ ನಿಂತುಬಿಡುತ್ತದೆ, ಎಷ್ಟು ಕಾದರೂ ಮುಂದೆ ಇಳಿಯುವುದಿಲ್ಲ. ಆ ಎತ್ತರದಲ್ಲಿ ಓವರ್‌ಫ್ಲೋ ಕೊಳವೆಗೆ ಕೂದಲೆಳೆಯ ಬಿರುಕು ಬಿಟ್ಟಿದೆ ಎಂದು ಅರ್ಥ. ಇದನ್ನು ಅಂಟು ಹಾಕಿ ಸರಿಮಾಡಲು ಹೋಗಬೇಡಿ, ಫ್ಲಶ್ ವಾಲ್ವ್ ಬದಲಿಸುವುದೇ ಸರಿ.

ಈ ಪರೀಕ್ಷೆ ದಾರಿ ತಪ್ಪಿಸುವುದು ಮುಖ್ಯವಾಗಿ ಒಂದು ಸಂದರ್ಭದಲ್ಲಿ, ಆ್ಯಂಗಲ್ ಕಾಕೇ ಪೂರ್ತಿ ಮುಚ್ಚದಿದ್ದಾಗ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಸಾಮಾನ್ಯ. ಆದ್ದರಿಂದ ಕಾಕ್ ಮುಚ್ಚಿ ಒಮ್ಮೆ ಫ್ಲಶ್ ಮಾಡಿ ನೋಡಿ. ಟ್ಯಾಂಕಿಗೆ ಹನಿ ನೀರೂ ಬರಬಾರದು. ಕಾಕ್ ಉಪ್ಪುಗಟ್ಟಿ ತಿರುಗದಿದ್ದರೆ ಸ್ಪ್ಯಾನರ್ ಹಾಕಿ ತಿರುಚಬೇಡಿ, ಕತ್ತು ಮುರಿದರೆ ಬಾತ್‌ರೂಮ್ ತುಂಬ ನೀರಾಗುತ್ತದೆ. ಬಾತ್‌ರೂಮಿಗೆ ಬರುವ ಲೈನಿನ ಗೇಟ್ ವಾಲ್ವ್ ಮುಚ್ಚಿ ಪರೀಕ್ಷೆ ಮಾಡಿದರಾಯಿತು. ಇನ್ನೊಂದು: ಹಲವು ಮನೆಗಳಲ್ಲಿ ಹೆಲ್ತ್ ಫಾಸೆಟ್‌ಗೂ ಟ್ಯಾಂಕಿಗೂ ಒಂದೇ ಎರಡು ಬಾಯಿಯ ಕಾಕ್ ಇರುತ್ತದೆ. ಹೆಲ್ತ್ ಫಾಸೆಟ್ ಜಿನುಗಿದರೂ ಪೈಪಿನಲ್ಲಿ ಇದೇ ಥರದ ಸುಯ್ ಸದ್ದು ಬರುತ್ತದೆ. ಅದನ್ನೂ ಒಮ್ಮೆ ಮುಟ್ಟಿ ನೋಡಿ.

ಪರೀಕ್ಷೆ ಮುಗಿದ ಮೇಲೆ ಆ್ಯಂಗಲ್ ಕಾಕ್ ತೆರೆಯುವ ಮುನ್ನ ಲೀಟರ್ ಅಳತೆಯ ಮಗ್ಗಿನಲ್ಲಿ ನೀರು ಸುರಿದು ಮಟ್ಟವನ್ನು ಮತ್ತೆ ಗೆರೆಗೆ ತನ್ನಿ. ಸುರಿದಷ್ಟೇ ಒಂದು ಗಂಟೆಯ ಸೋರಿಕೆ. 3 ಲೀಟರ್ ಹಿಡಿಯಿತು ಅನ್ನಿ, ದಿನಕ್ಕೆ 72 ಲೀಟರ್, ತಿಂಗಳಿಗೆ 2,160 ಲೀಟರ್. ನಿಜದಲ್ಲಿ ಇನ್ನೂ ತುಸು ಹೆಚ್ಚೇ ಇರುತ್ತದೆ, ಏಕೆಂದರೆ ಪರೀಕ್ಷೆಯಲ್ಲಿ ಮಟ್ಟ ಇಳಿದಂತೆ ಒತ್ತಡ ಕಡಿಮೆಯಾಗಿ ಸೋರಿಕೆಯೂ ನಿಧಾನವಾಗುತ್ತದೆ, ಮಾಮೂಲಿ ದಿನಗಳಲ್ಲಿ ವಾಲ್ವ್ ಮತ್ತೆ ಮತ್ತೆ ತುಂಬಿಸುತ್ತಿರುತ್ತದೆ. ಓವರ್‌ಫ್ಲೋ ಮೂಲಕ ಹೋಗುವ ಸೋರಿಕೆ ಇದಕ್ಕಿಂತ ದೊಡ್ಡದು. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಹೋದರೂ ದಿನಕ್ಕೆ 288 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ಯೋಜನೆಗಳಿಗೆ ಬಳಸುವ ಲೆಕ್ಕ. ಇಬ್ಬರ ಪಾಲು ಇಲ್ಲೇ ಮುಗಿಯಿತು. ತಿಂಗಳಿಗೆ 8,640 ಲೀಟರ್ ಆಗುತ್ತದೆ. ಬೆಂಗಳೂರು ಜಲಮಂಡಳಿಯ ಗೃಹಬಳಕೆಯ ಮೊದಲ ಸ್ಲ್ಯಾಬ್ 8,000 ಲೀಟರ್‌ವರೆಗೆ. ಅಂದರೆ ಮನೆಯವರು ಒಂದು ಹನಿ ಬಳಸದಿದ್ದರೂ ಬಿಲ್ ಎರಡನೇ ಸ್ಲ್ಯಾಬಿಗೆ ಹತ್ತುತ್ತದೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ನಲ್ಲಿಯಲ್ಲಿ ಉಳಿಸಿದ್ದನ್ನು ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಕಳೆಯುತ್ತಿರುವ ಮನೆಗಳು ಎಷ್ಟೋ.

ಈಗ ಸೀಲ್ ವಿಷಯ. ಆ್ಯಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ನಿಮ್ಮಂಥ ಎರಡು ಬಟನ್ನಿನ ಟ್ಯಾಂಕಿನಲ್ಲಿ ನಡುವಿನ ಫ್ಲಶ್ ವಾಲ್ವನ್ನು ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ ಎತ್ತಿದರೆ ಸಾಮಾನ್ಯವಾಗಿ ಬುಡ ಬಿಟ್ಟು ಮೇಲೆ ಬರುತ್ತದೆ. ಟ್ಯಾಂಕನ್ನು ಕಮೋಡಿನಿಂದ ಬಿಚ್ಚಬೇಕಾಗಿಲ್ಲ. ಕೆಳಗಡೆ ಚಪ್ಪಟೆ ಬಳೆ ಕಾಣುತ್ತದಲ್ಲ, ಅದೇ ಸೀಲ್. ಬೆರಳಾಡಿಸಿ ನೋಡಿ. ಲೋಳೆ ಲೋಳೆಯಾಗಿದ್ದರೆ ಬರಿಯ ಪಾಚಿ, ತೊಳೆದರೆ ಸಾಕು. ಬಿಳಿ ಪೊರೆ ಗರಗರ ಎಂದರೆ ಉಪ್ಪು ಕೂತಿದೆ. ಒಂದು ಕಡೆ ಗೀರು ಬಿದ್ದು ತಗ್ಗಾಗಿದ್ದರೆ, ಅಥವಾ ಮಡಚಿದಾಗ ಬಿರುಸಾಗಿ ಮಡಿಕೆ ಉಳಿದರೆ ಅದರ ಆಯಸ್ಸು ಮುಗಿದಿದೆ. ಏಳು ವರ್ಷವಾಗಿದೆ ಎನ್ನುತ್ತೀರಿ, ಮುಗಿದಿದ್ದರೆ ಆಶ್ಚರ್ಯವಿಲ್ಲ.

ಸೀಲ್ ಕೂರುವ ಬುಡದ ಅಂಚನ್ನು ಬಹಳ ಜನ ಮರೆಯುತ್ತಾರೆ. ಹೊಸ ಸೀಲ್ ಹಾಕಿದರೂ ಸೋರುತ್ತದೆ ಎಂದು ದೂರುವವರ ಮನೆಯಲ್ಲಿ ನೋಡಿದರೆ ಆ ಅಂಚಿನ ಮೇಲೆ ಮರಳು ಸುಣ್ಣ ಸೇರಿ ಒರಟಾಗಿರುತ್ತದೆ. ಬೆರಳಿಗೆ ನುಣುಪು ಸಿಗುವವರೆಗೆ ಒದ್ದೆ ಬಟ್ಟೆಯಿಂದ, ಮೃದು ಬ್ರಶ್ಶಿನಿಂದ ಉಜ್ಜಿ. ಸ್ಟೀಲ್ ಜುಂಗು, ಚಾಕು ಬೇಡವೇ ಬೇಡ. ಪ್ಲಾಸ್ಟಿಕ್ಕಿಗೆ ಒಂದು ಗೀರು ಬಿದ್ದರೆ ಯಾವ ಸೀಲೂ ಅದನ್ನು ಮುಚ್ಚಲಾರದು. ಹಳೆಯ ಸೀಲ್ ಎರಡೂ ಮುಖ ಒಂದೇ ಥರ ಚಪ್ಪಟೆ ಇದ್ದರೆ ತಿರುವಿ ಹಾಕಿ ನೋಡಬಹುದು. ಹೊಸದು ಸಿಗುವವರೆಗೆ ಕೆಲಸ ನಡೆಯುತ್ತದೆ.

ಅಂಗಡಿಗೆ ಹೋಗುವಾಗ ಹಳೆಯ ಸೀಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ‘ಎಲ್ಲದಕ್ಕೂ ಆಗುತ್ತೆ’ ಎಂದು ಕೊಡುವ ಸೀಲ್ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಸೋರುತ್ತದೆ. ಕಮೋಡಿನ ಕಂಪನಿಯ ಹೆಸರು ಟ್ಯಾಂಕಿನ ಒಳಗೋ ಹೊರಗೋ ಅಚ್ಚಾಗಿರುತ್ತದೆ, ಫೋಟೋ ತೆಗೆದುಕೊಳ್ಳಿ. ಸೀಲ್ ಬಿಡಿಯಾಗಿ ಸಿಗದಿದ್ದರೆ ಫ್ಲಶ್ ವಾಲ್ವನ್ನೇ ಇಡಿಯಾಗಿ ಕೊಳ್ಳಬೇಕಾಗುತ್ತದೆ. ಅದೂ ಹೊಸ ಕಮೋಡು, ಒಡೆದ ಟೈಲ್ಸು, ಗಾರೆ ಕೆಲಸದ ಕೂಲಿಯ ಮುಂದೆ ಏನೂ ಅಲ್ಲ.

ಎಲ್ಲ ಸರಿಮಾಡಿ ಮುಚ್ಚಳ ಹಾಕಿದ ಮೇಲೆ ಮತ್ತೆ ಸೋರಿದರೆ ಮುಚ್ಚಳವನ್ನೇ ಅನುಮಾನಿಸಿ. ಮುಚ್ಚಳ ತೆಗೆದಾಗ ನಿಲ್ಲುತ್ತದೆ, ಹಾಕಿದಾಗ ಸೋರುತ್ತದೆ ಎಂದರೆ ಬಟನ್ ಕೆಳಗಿನ ಕಡ್ಡಿಗಳು ಉದ್ದವಾಗಿವೆ. ಯಾರೂ ಒತ್ತದಿದ್ದರೂ ವಾಲ್ವನ್ನು ಕೂದಲೆಳೆಯಷ್ಟು ಒತ್ತಿಕೊಂಡೇ ಇರುತ್ತವೆ. ಕಡ್ಡಿಗಳು ತಿರುಪಿನವು, ಎರಡು ಮೂರು ಸುತ್ತು ಒಳಗೆ ತಿರುಗಿಸಿ ಗಿಡ್ಡ ಮಾಡಿ. ಬಟನ್ ಒತ್ತುವ ಮುನ್ನ ತುಸು ಸಡಿಲ ಇರಬೇಕು.

ಗೆರೆಯ ಪರೀಕ್ಷೆಯಲ್ಲಿ ನೀರು ಇಳಿಯದೇ ಇದ್ದ ಓದುಗರಿಗೆ ಇನ್ನು ನಾಲ್ಕು ಮಾತು. ನೀರು ತುಂಬಿ ನಿಂತಾಗ ಮಟ್ಟ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗಿರಬೇಕು. ಬಾಯಿಯವರೆಗೆ ಬಂದು ಒಳಗೆ ಸುರಿಯುತ್ತಿದ್ದರೆ ಫ್ಲೋಟನ್ನು ಬೆರಳಿಂದ ಮೇಲಕ್ಕೆ ಎತ್ತಿ ಹಿಡಿಯಿರಿ. ನೀರು ನಿಂತರೆ ವಾಲ್ವ್ ಆರೋಗ್ಯವಾಗಿದೆ, ಫ್ಲೋಟ್ ಎತ್ತರಕ್ಕೆ ಹೊಂದಿಸಲಾಗಿದೆ ಅಷ್ಟೆ. ಪಕ್ಕದ ತಿರುಪು ತಿರುಗಿಸಿ ಇಳಿಸಿ. ಹಳೆಯ ಹಿತ್ತಾಳೆ ಕಡ್ಡಿಯ ಬಾಲ್‌ಕಾಕ್ ಆದರೆ ಕಡ್ಡಿಯನ್ನೇ ಮೆಲ್ಲಗೆ ಕೆಳಕ್ಕೆ ಬಗ್ಗಿಸಿ. ಚೆಂಡು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತಿದೆಯೇ ನೋಡಿ. ನೀರು ಹೊಕ್ಕ ಚೆಂಡು ತೇಲುವುದಿಲ್ಲ, ಅದನ್ನು ಮಾತ್ರ ಬದಲಿಸಿದರೆ ಸಾಕು. ಫ್ಲೋಟ್ ಟ್ಯಾಂಕಿನ ಗೋಡೆಗೋ ನಡುವಿನ ವಾಲ್ವಿಗೋ ತಾಗಿ ಸಿಕ್ಕಿಕೊಳ್ಳುವುದೂ ಉಂಟು, ಹೊಸ ವಾಲ್ವನ್ನು ಅವಸರದಲ್ಲಿ ಹಾಕಿದ ಮನೆಗಳಲ್ಲಿ ವಿಶೇಷವಾಗಿ.

ಎತ್ತಿ ಹಿಡಿದರೂ ನೀರು ನಿಲ್ಲದಿದ್ದರೆ ವಾಲ್ವಿನ ಒಳಗೆ ಕಸ ಇದೆ. ಈಗಿನ ಪ್ಲಾಸ್ಟಿಕ್ ವಾಲ್ವುಗಳ ತಲೆಯೊಳಗೆ ಒಂದು ತೆಳು ರಬ್ಬರ್ ಪೊರೆ ಇರುತ್ತದೆ, ಅದರಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ಪೊರೆಯ ಮೇಲ್ಭಾಗಕ್ಕೆ ಬರುವ ನೀರಿನ ಒತ್ತಡವೇ ವಾಲ್ವನ್ನು ಮುಚ್ಚುವುದು. ಮರಳಿನ ಒಂದು ಕಣ ತೂತಿನಲ್ಲಿ ಕೂತರೆ ಮುಗಿಯಿತು, ಮುಚ್ಚುವುದಿಲ್ಲ. ಸಂಪು ತೊಳೆಸಿದ ವಾರದಲ್ಲಿ, ರಸ್ತೆ ಅಗೆದು ಪೈಪ್ ಹಾಕಿದ ಮೇಲೆ, ಎರಡು ದಿನ ನಿಂತ ನೀರು ಮತ್ತೆ ಬಂದಾಗ ಬೀದಿಯಲ್ಲಿ ಹತ್ತು ಮನೆಯ ಟ್ಯಾಂಕ್ ಒಟ್ಟಿಗೆ ಕೆಡುವುದು ಇದಕ್ಕೇ. ಆ್ಯಂಗಲ್ ಕಾಕ್ ಮುಚ್ಚಿ ತಲೆಯ ಮುಚ್ಚಳ ತಿರುಗಿಸಿ ತೆಗೆಯಿರಿ, ಪೊರೆ ಯಾವ ಮುಖ ಮೇಲಿತ್ತು ನೆನಪಿಡಿ, ತೊಳೆಯಿರಿ. ತೆರೆದ ತಲೆಯ ಮೇಲೆ ಲೋಟ ಬೋರಲು ಹಿಡಿದು ಕಾಕನ್ನು ಕ್ಷಣಹೊತ್ತು ಸ್ವಲ್ಪವೇ ತೆರೆದರೆ ಒಳಗಿನ ಮರಳು ಹೊರಬೀಳುತ್ತದೆ. ಲೋಟ ಹಿಡಿಯದಿದ್ದರೆ ನೀರು ಸೂರಿಗೆ ಹಾರುತ್ತದೆ. ಕನೆಕ್ಷನ್ ಪೈಪ್ ಸೇರುವ ಜಾಗದಲ್ಲಿ ಪುಟ್ಟ ಜಾಲರಿ ಇದ್ದರೆ ಅದನ್ನೂ ತೊಳೆಯಿರಿ. ಬಹಳ ಮನೆಗಳಲ್ಲಿ ವಾಲ್ವ್ ಬದಲಿಸುವ ಅಗತ್ಯ ಇಲ್ಲಿಗೇ ತಪ್ಪುತ್ತದೆ.

ಗಡಸು ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಡೆ ಸೀಲ್, ವಾಲ್ವ್ ಬೇಗ ಕೆಡಲು ನಿಜವಾದ ಕಾರಣ ಇದೇ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಕಾವೇರಿ ನೀರು ಮೆದು. ಬಯಲುಸೀಮೆಯ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಅದೇ ಪಟ್ಟಿ ಸೀಲಿನ ಮೇಲೂ ಕಟ್ಟುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಸುಣ್ಣದ ಕಾಟ ಕಡಿಮೆ, ಅಲ್ಲಿ ಕಬ್ಬಿಣದ ಅಂಶದ ಕೆಂಪು ಲೋಳೆ ಜಾಸ್ತಿ. ನಿಮ್ಮದು ಕಾವೇರಿ, ಬೋರ್‌ವೆಲ್ ಎರಡೂ ಬೆರೆತ ಸಂಪು. ಬೇಸಿಗೆಯಲ್ಲಿ ಬೋರ್ ಹೆಚ್ಚು ಓಡಿದಾಗ ತೊಂದರೆ ಹೆಚ್ಚಬಹುದು.

ಸುಣ್ಣಕ್ಕೆ ಹುಳಿಯೇ ಮದ್ದು. ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿಯನ್ನು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ಸೀಲ್, ಪೊರೆ, ಜಾಲರಿಗಳನ್ನು ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಹಾಕಿ. ಬಿಳಿ ವಿನೆಗರ್ ಆದರೂ ಆದೀತು. ಬಾತ್‌ರೂಮ್ ತೊಳೆಯುವ ಖಾರದ ಆಸಿಡ್ಡನ್ನು ಟ್ಯಾಂಕಿಗೆ ಸುರಿಯಬೇಡಿ, ಒಳಗಿನ ಲೋಹದ ಬೋಲ್ಟು, ಸ್ಪ್ರಿಂಗು ತಿಂದುಹಾಕುತ್ತದೆ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಜತೆ ಸೇರಿಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ. ಟ್ಯಾಂಕಿನೊಳಗೆ ಇಡುವ ಕ್ಲೋರಿನ್ ಬಿಲ್ಲೆಗಳನ್ನೂ ನಾನು ಬೇಡ ಎನ್ನುತ್ತೇನೆ. ಕಮೋಡ್ ಘಮಘಮ ಎನ್ನುತ್ತದೆ, ರಬ್ಬರ್ ಮಾತ್ರ ಬೇಗ ಬಿರುಸಾಗುತ್ತದೆ.

ಒತ್ತಡದ ಬಗ್ಗೆ ಎರಡು ಮಾತು. ಹತ್ತು ಮೀಟರ್ ಎತ್ತರದಲ್ಲಿ ತಾರಸಿಯ ಮೇಲಿರುವ ಟ್ಯಾಂಕಿನ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ, ಅದು ನಿಮ್ಮ ನೆಲಮಹಡಿಗೆ ಹಿತವಾದದ್ದು. ಪ್ರೆಶರ್ ಪಂಪ್ ಇರುವ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ, ಕೆಳ ಮಹಡಿಯವರಿಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒತ್ತಡ ಏರಿ ವಾಲ್ವ್ ಬಿಡುವುದುಂಟು. ಅಲ್ಲಿ ವಾಲ್ವ್ ಮೇಲೆ ವಾಲ್ವ್ ಬದಲಿಸುವುದು ವ್ಯರ್ಥ. ಆ ಲೈನಿಗೆ ಒತ್ತಡ ಇಳಿಸುವ ವಾಲ್ವ್ ಇದೆಯೇ, ಅದು ಸರಿಯಿದೆಯೇ ಎಂದು ಅಸೋಸಿಯೇಷನ್‌ನವರನ್ನು ಕೇಳಬೇಕು.

ಗೋಡೆಯೊಳಗೆ ಹುದುಗಿಸಿದ ಕನ್ಸೀಲ್ಡ್ ಟ್ಯಾಂಕ್ ಇರುವವರು ‘ಗೋಡೆ ಒಡೆಯಬೇಕು’ ಎಂಬ ಮಾತಿಗೆ ಹೆದರಬೇಡಿ. ಬಟನ್ ಪ್ಲೇಟ್ ಮೇಲಕ್ಕೆ ಸರಿಸಿ ತೆಗೆದರೆ ಅದರ ಹಿಂದಿನ ಕಿಂಡಿಯಿಂದಲೇ ಎರಡೂ ವಾಲ್ವುಗಳು ಹೊರಬರುವಂತೆ ಮಾಡಿರುತ್ತಾರೆ. ಕೈಯಾಡುವ ಜಾಗ ಕಡಿಮೆ, ಆದ್ದರಿಂದ ಕಂಪನಿಯ ಸರ್ವಿಸ್‌ನವರನ್ನು ಕರೆಸುವುದು ಲೇಸು. ಇನ್ನು ಹಳೇ ಮನೆಗಳಲ್ಲಿ ತಲೆಯ ಮೇಲೆ ಚೈನು ಎಳೆಯುವ ಕಬ್ಬಿಣದ ಟ್ಯಾಂಕ್ ಇದ್ದರೆ ಲೆಕ್ಕವೇ ಬೇರೆ. ಅದರಲ್ಲಿ ತಳದ ಸೀಲೇ ಇಲ್ಲ. ಗಂಟೆಯಾಕಾರದ ಸೈಫನ್ ನೀರನ್ನು ಎತ್ತಿ ಕೆಳಗಿಳಿಸುತ್ತದೆ. ಹಾಗಾಗಿ ಅದು ಸೋರಿದರೆ ಮೊದಲು ಬಾಲ್‌ಕಾಕನ್ನೇ ನೋಡಬೇಕು. ಇಂಗ್ಲೆಂಡಿನಲ್ಲಿ ನೀರು ಪೋಲಾಗಬಾರದೆಂದು ಬಹುಕಾಲ ಸೈಫನ್ ಟ್ಯಾಂಕುಗಳನ್ನೇ ಕಡ್ಡಾಯ ಮಾಡಿದ್ದರು. ನಮ್ಮ ಈಗಿನ ಬಟನ್ ಥರದ ವಾಲ್ವಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ.

ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಕಮೋಡನ್ನೇ ಬದಲಿಸಬೇಕಾದ ಸಂದರ್ಭ ಇದೆಯೇ? ಇದೆ. ಟ್ಯಾಂಕಿನ ಪಿಂಗಾಣಿಗೇ ಬಿರುಕು ಬಿಟ್ಟಿದ್ದರೆ, ಅಥವಾ ನೀರು ಕಮೋಡಿನೊಳಗೆ ಹೋಗದೆ ಹೊರಗೆ ನೆಲಕ್ಕೆ ಜಿನುಗುತ್ತಿದ್ದು, ಟ್ಯಾಂಕನ್ನು ಕಮೋಡಿಗೆ ಬಿಗಿಯುವ ಬೋಲ್ಟುಗಳ ವಾಷರ್ ಹಾಗೂ ನಡುವಿನ ದಪ್ಪ ಗ್ಯಾಸ್ಕೆಟ್ ಹೊಸದು ಹಾಕಿದರೂ ನಿಲ್ಲದಿದ್ದರೆ. ಬೋಲ್ಟುಗಳನ್ನು ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದೇ ಕಡೆ ಜೋರು ಮಾಡಿದರೆ ಪಿಂಗಾಣಿ ಸೀಳುತ್ತದೆ. ಆಗಲೂ ಆ ಮಾಡೆಲ್‌ನ ಟ್ಯಾಂಕ್ ಬಿಡಿಯಾಗಿ ಸಿಗುತ್ತದೆಯೇ ಎಂದು ಡೀಲರ್ ಬಳಿ ಮೊದಲು ಕೇಳಿ. ನೀವು ಬರೆದಿರುವ ಲಕ್ಷಣದಲ್ಲಿ ಇವು ಯಾವುವೂ ಇಲ್ಲ. ಪ್ಲಂಬರ್ ಮತ್ತೆ ಬಂದರೆ ಮೊದಲು ಗೆರೆ ತೋರಿಸಿ, ನೀರು ಎಷ್ಟು ಇಳಿದಿದೆ ನೋಡಿ ಎನ್ನಿ, ಫ್ಲಶ್ ವಾಲ್ವಿನ ಸೀಲ್ ಒಂದನ್ನೇ ಹಾಕಿಕೊಡಲು ಹೇಳಿ.